ಬಚ್ಚಲ ಒಲೆಗೂ ಅಡುಗೆ ಒಲೆಗೂ ಹೊಗೆಕೊಳವೆ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಡುಗೆಗೆ ಗ್ಯಾಸ್ ಬಂದ ಮೇಲೂ ಮಲೆನಾಡು, ಕರಾವಳಿ, ಕೊಡಗಿನ ಬಹಳಷ್ಟು ಮನೆಗಳಲ್ಲಿ ಸ್ನಾನದ ನೀರು ಕಾಯುವುದು ಸೌದೆಯಲ್ಲೇ. ತೋಟದಲ್ಲಿ ಬಿದ್ದ ಸೋಗೆ, ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆಗೆ ದುಡ್ಡು ಕೊಡಬೇಕಾಗಿಲ್ಲ. ಒಲೆ ಕಟ್ಟಿಸುವಾಗ ಎಲ್ಲರೂ ಹಂಡೆಯ ಅಳತೆ ನೋಡುತ್ತಾರೆ, ಒಲೆಬಾಯಿಯ ಅಳತೆ ನೋಡುತ್ತಾರೆ. ಹೊಗೆಕೊಳವೆಯನ್ನು ಮಾತ್ರ ಕಟ್ಟುವ ಕೆಲಸವೆಲ್ಲ ಮುಗಿದ ಮೇಲೆ, ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಸಿಕ್ಕಿಸುತ್ತಾರೆ. ಈ ಕ್ರಮ ತಿರುಗಬೇಕು. ಹೊಗೆ ಯಾವ ದಾರಿಯಲ್ಲಿ ಮಾಡು ದಾಟುತ್ತದೆ ಎಂದು ಮೊದಲು ಗೊತ್ತುಮಾಡಿಕೊಂಡು, ಆ ದಾರಿಯ ಕೆಳಗೆ ಒಲೆಗೆ ಜಾಗ ಹುಡುಕಬೇಕು. ಕೆಳಗಿನ ಉತ್ತರಗಳೆಲ್ಲ ಇದೇ ಲೆಕ್ಕದಲ್ಲಿವೆ.

ಬಚ್ಚಲುಮನೆಗೆ ಕಿಟಕಿ ಇದೆ, ಹಂಚಿನ ಸಂದಿಯೂ ಇದೆ. ಕೊಳವೆ ಬೇಕೇಬೇಕೆ?

ಬೇಕು. ಸಂದಿಯಲ್ಲಿ ಹೋಗುವುದು ಕಣ್ಣಿಗೆ ಕಾಣುವ ಹೊಗೆಯ ಒಂದು ಪಾಲು ಮಾತ್ರ. ಉಳಿದದ್ದು ಮನುಷ್ಯರ ಮೂಗಿನ ಮಟ್ಟದಲ್ಲೇ ಸುತ್ತುತ್ತಿರುತ್ತದೆ. ಕಣ್ಣುರಿ, ಕೆಮ್ಮು ಎಲ್ಲರಿಗೂ ಗೊತ್ತು. ಗೊತ್ತಾಗದೆ ಹೋಗುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸೌದೆ ಧಗಧಗ ಉರಿಯುವಾಗ ಅದು ಕಡಿಮೆ. ಉರಿ ಇಳಿದು ಹೊಗೆಯಾಡುವಾಗ, ಬರೀ ಕೆಂಡ ಉಳಿದಾಗ ಹೆಚ್ಚು. ಹಾಗಾಗಿ "ಈಗ ಹೊಗೆಯೇ ಇಲ್ಲ, ಬರೀ ಕೆಂಡ" ಎಂದು ಬಾಗಿಲು ಹಾಕಿ ಸ್ನಾನಕ್ಕೆ ಕೂರುವ ಹೊತ್ತೇ ಹೆಚ್ಚು ಅಪಾಯದ್ದು.

ಕೊಳವೆ ಹೊಗೆಯನ್ನು ಎಳೆಯುವುದು ಹೇಗೆ? ಎಷ್ಟು ಎತ್ತರ ಬೇಕು?

ಕೊಳವೆಯೊಳಗಿನ ಬಿಸಿ ಗಾಳಿ ಹೊರಗಿನ ತಣ್ಣನೆ ಗಾಳಿಗಿಂತ ಹಗುರ. ಎಳೆತವೆಲ್ಲ ಆ ತೂಕದ ವ್ಯತ್ಯಾಸದಿಂದಲೇ. ಹೊರಗೆ 27 ಡಿಗ್ರಿ ಇದ್ದು, 12 ಅಡಿ ಕೊಳವೆಯೊಳಗೆ ಸರಾಸರಿ 150 ಡಿಗ್ರಿ ಇದ್ದರೆ ಎಳೆತ ಸುಮಾರು 12 ಪಾಸ್ಕಲ್. ಅಂದರೆ ಒಂದು ಮಿಲಿಮೀಟರಿಗಿಂತ ಒಂಚೂರು ಹೆಚ್ಚು ಎತ್ತರದ ನೀರಿನ ಒತ್ತಡ, ಅಷ್ಟೇ. ಅದೇ ಕೊಳವೆ ತಣ್ಣಗಾಗಿ ಸರಾಸರಿ 60 ಡಿಗ್ರಿಗೆ ಇಳಿದರೆ ಎಳೆತ 4 ಪಾಸ್ಕಲ್ ಮಾತ್ರ. ಇಷ್ಟು ಸಣ್ಣ ಬಲವನ್ನು ಒಂದು ಅಡ್ಡ ತಿರುವು, ಒಂದು ಹಕ್ಕಿಗೂಡು, ಒಂದು ಎಕ್ಸಾಸ್ಟ್ ಫ್ಯಾನ್ ಸುಲಭವಾಗಿ ಕೆಡಿಸಬಲ್ಲದು.

ಇದರಿಂದ ಎರಡು ಮಾತು ತಿಳಿಯುತ್ತದೆ. ಕೊಳವೆ ಎತ್ತರವಾಗಿರಬೇಕು, ಮತ್ತು ಬೆಚ್ಚಗಿರಬೇಕು. ಒಲೆಯ ಹೊಗೆಬಾಯಿಯಿಂದ ತುದಿಯವರೆಗೆ 10 ಅಡಿಗಿಂತ ಕಡಿಮೆ ಇಟ್ಟರೆ ತೊಂದರೆ ತಪ್ಪಿದ್ದಲ್ಲ. 12ರಿಂದ 15 ಅಡಿ ಸಾಮಾನ್ಯ ಮನೆಗೆ ಒಳ್ಳೆಯ ಅಳತೆ.

ಎಷ್ಟು ಅಂಗುಲದ ಪೈಪು ಹಾಕಿಸಬೇಕು?

ಮನೆಮಟ್ಟದ ಮುಚ್ಚಿದ ಅಡುಗೆ ಒಲೆಗೆ 4 ಅಂಗುಲ. ಬಚ್ಚಲ ಒಲೆಗೆ 6 ಅಂಗುಲ. 4 ಅಂಗುಲದ ಪೈಪಿಗೂ 6 ಅಂಗುಲದ್ದಕ್ಕೂ ಬಾಯಿಯ ವಿಸ್ತೀರ್ಣದಲ್ಲಿ ಎರಡೂಕಾಲು ಪಟ್ಟು ವ್ಯತ್ಯಾಸವಿದೆ. ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ ತುಂಬಿ ಉರಿಸುವ ಒಲೆಗೆ 4 ಅಂಗುಲದ್ದು ಹಾಕಿದರೆ ಒಂದು ಮಳೆಗಾಲದಲ್ಲೇ ಕರಿ ಕಟ್ಟಿ 3 ಅಂಗುಲವಾಗುತ್ತದೆ. ಹಾಗೆಂದು 8, 9 ಅಂಗುಲ ಹಾಕುವುದೂ ತಪ್ಪು. ಅಷ್ಟು ಅಗಲದಲ್ಲಿ ಹೊಗೆ ನಿಧಾನವಾಗಿ ಏರಿ, ಏರುವಷ್ಟರಲ್ಲಿ ತಣ್ಣಗಾಗಿ, ಒಳಗೋಡೆಗೆ ಅಂಟಿಕೊಳ್ಳುತ್ತದೆ. ಕೆಳಗಿನಿಂದ ಮೇಲಿನವರೆಗೆ ಅಳತೆ ಒಂದೇ ಇರಲಿ. ನಡುವೆ 6ರಿಂದ 4ಕ್ಕೆ ಇಳಿಸಬೇಡಿ.

ಯಾವ ಪೈಪು ಒಳ್ಳೆಯದು?

ಒಲೆಯಿಂದ ಹೊರಡುವ ಮೊದಲ 3-4 ಅಡಿ ಅತಿ ಹೆಚ್ಚು ಬಿಸಿಯಾಗುತ್ತದೆ. ಅಲ್ಲಿಗೆ 2ರಿಂದ 3 ಮಿ.ಮೀ. ದಪ್ಪದ ಕಬ್ಬಿಣದ ಪೈಪು, ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್. ಮೇಲಿನ ಭಾಗಕ್ಕೆ ಸುಮಾರು 1 ಮಿ.ಮೀ. ದಪ್ಪದ 304 ದರ್ಜೆಯ ಸ್ಟೀಲ್ ಸಿಕ್ಕರೆ ಬೇರೇನೂ ನೋಡಬೇಕಾಗಿಲ್ಲ. ಅಗ್ಗಕ್ಕೆ ಸಿಗುವ 202 ದರ್ಜೆಯದು ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ.

ಜಿಐ ಪೈಪನ್ನು, ಅಂದರೆ ಸತು ಲೇಪಿಸಿದ ಕಬ್ಬಿಣದ್ದನ್ನು, ಮೇಲ್ಭಾಗಕ್ಕೆ ಬಳಸಬಹುದು, ಆದರೆ ಒಲೆಗೆ ಅಂಟಿದಂತೆ ಬೇಡ. 200 ಡಿಗ್ರಿ ದಾಟಿದ ಮೇಲೆ ಅದರ ಸತುವಿನ ಲೇಪ ಸುಲಿಯತೊಡಗುತ್ತದೆ. ಹಸಿ ಸೌದೆಯ ಹೊಗೆಯಲ್ಲಿರುವ ಹುಳಿಗುಣದ ನೀರು ಉಳಿದದ್ದನ್ನು ತಿನ್ನುತ್ತದೆ. ಮಳೆಗಾಲ ಮುಗಿದ ಮೇಲೆ ಜಿಐ ಪೈಪಿನ ಜೋಡಣೆಗಳನ್ನು ಉಗುರಿನಿಂದ ಒತ್ತಿ ನೋಡಿ. ತಗಡು ಒಳಗೆ ಹೋದರೆ ಬದಲಿಸುವ ಕಾಲ ಬಂತು.

ಪಿವಿಸಿ ಪೈಪು ಯಾವ ಭಾಗಕ್ಕೂ ಬೇಡ, ತುದಿಯ ಒಂದು ಅಡಿಗೂ ಬೇಡ. 80 ಡಿಗ್ರಿಗೆಲ್ಲ ಅದು ಮೆತ್ತಗಾಗಿ ಬಾಗುತ್ತದೆ, ಸುಟ್ಟರೆ ವಿಷದ ಹೊಗೆ ಬರುತ್ತದೆ.

ನಮ್ಮ ಮನೆಯಲ್ಲಿ ಹಳೆಯ ಕಲ್ನಾರಿನ ಪೈಪು ಇದೆ. ತೆಗೆಸಬೇಕೆ?

ಹಿಂದೆ ಹೊಗೆರಹಿತ ಒಲೆಗಳಿಗೆಲ್ಲ ಹಾಕುತ್ತಿದ್ದದ್ದು ಈ ಸಿಮೆಂಟ್ ಬಣ್ಣದ ಎಸಿ ಪೈಪನ್ನೇ. ಅದರಲ್ಲಿರುವ ಕಲ್ನಾರಿನ ಎಳೆಗಳು ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುತ್ತವೆ ಎಂಬುದರಲ್ಲಿ ಈಗ ಸಂಶಯವಿಲ್ಲ. ಪೈಪು ಗಟ್ಟಿಯಾಗಿದ್ದು, ಬಿರುಕಿಲ್ಲದೆ ನಿಂತಿದ್ದರೆ ಇವತ್ತೇ ಕಿತ್ತು ಎಸೆಯಬೇಕು ಎಂದೇನಿಲ್ಲ. ಆದರೆ ಅದನ್ನು ಗರಗಸದಿಂದ ಕೊಯ್ಯಬೇಡಿ, ಡ್ರಿಲ್ ಹಾಕಬೇಡಿ, ಒಳಗೆ ತಂತಿ ಬ್ರಷ್ ಹಾಕಿ ಕೆರೆಯಬೇಡಿ. ಜೋರು ಬೆಂಕಿಗೆ ಅದು ಸದ್ದು ಮಾಡಿ ಸಿಡಿಯುವುದೂ ಉಂಟು.

ತೆಗೆಯುವಾಗ ಪೈಪನ್ನು ಚೆನ್ನಾಗಿ ನೀರು ಹಾಕಿ ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಎನ್95 ಕೂಡ ಸಾಲದು, ಪಿ100 ಅಥವಾ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್ ಬೇಕು. ಮಕ್ಕಳು ಆ ಹೊತ್ತು ಹತ್ತಿರ ಇರಬಾರದು. ಒಡೆದ ಚೂರುಗಳನ್ನು ಅಂಗಳದ ಗುಂಡಿ ಮುಚ್ಚಲು ಬಳಸುವ ರೂಢಿಯಿದೆ. ದಯವಿಟ್ಟು ಬೇಡ.

ಹಂಡೆಯ ಸುತ್ತ ಎಷ್ಟು ಸಂದಿ ಬಿಡಬೇಕು?

ಬಚ್ಚಲ ಒಲೆಯ ಗುಟ್ಟೆಲ್ಲ ಇರುವುದು ಇಲ್ಲೇ. ಬಹಳ ಕಡೆ ಹಂಡೆಯ ತಳಕ್ಕೆ ಮಾತ್ರ ಉರಿ ತಾಗುತ್ತದೆ, ಉಳಿದ ಮೈಯೆಲ್ಲ ಗಾರೆಯಲ್ಲಿ ಹೂತಿರುತ್ತದೆ. ಇನ್ನು ಕೆಲವೆಡೆ ಹೊಗೆಬಾಯಿ ಹಿಂಭಾಗದಲ್ಲಿ ಕೆಳಗೇ ಇದ್ದು, ಉರಿ ಹಂಡೆಯನ್ನು ಮುಟ್ಟುವ ಮುಂಚೆ ನೇರ ಕೊಳವೆಗೆ ನುಗ್ಗುತ್ತದೆ.

ಕಟ್ಟುವ ಕ್ರಮ ಹೀಗಿರಲಿ. ತಳದಲ್ಲಿ 5-6 ಅಂಗುಲ ಎತ್ತರದ ಬೂದಿಗೂಡು. ಅದರ ಮೇಲೆ 12 ಮಿ.ಮೀ. ಸರಳುಗಳ ಜಾಲರಿ, ಸರಳಿನ ನಡುವೆ ಅಷ್ಟೇ ಸಂದಿ. ಜಾಲರಿಯಿಂದ ಹಂಡೆಯ ತಳಕ್ಕೆ ಸುಮಾರು 8 ಅಂಗುಲ. ಇದಕ್ಕಿಂತ ಕಡಿಮೆಯಾದರೆ ಉರಿ ತಣ್ಣನೆ ತಾಮ್ರಕ್ಕೆ ಬಡಿದು ಅರ್ಧಕ್ಕೇ ಆರಿ ಮಸಿಯಾಗುತ್ತದೆ. ಒಲೆಬಾಯಿ 9 ಅಂಗುಲ ಅಗಲ, 8 ಅಂಗುಲ ಎತ್ತರ, ಅದಕ್ಕೊಂದು ತಗಡಿನ ಬಾಗಿಲು.

ಹಂಡೆಯ ಸುತ್ತಲ ಸಂದಿ ಎಲ್ಲ ಕಡೆ ಒಂದೇ ಸಮ ಇರಬಾರದು. ಕೊಳವೆಯಿರುವ ಬದಿಗೆ ಮುಕ್ಕಾಲು ಅಂಗುಲ, ಒಲೆಬಾಯಿಯ ಬದಿಗೆ ಒಂದೂವರೆ ಅಂಗುಲ ಬಿಡಿ. ಹೊಗೆ ಯಾವಾಗಲೂ ಹತ್ತಿರದ ದಾರಿ ಹುಡುಕುತ್ತದೆ; ಹಿಂದೆ ಇಕ್ಕಟ್ಟು ಮಾಡಿದರೆ ಮುಂದಿನಿಂದಲೂ ಹಂಡೆಯನ್ನು ಸುತ್ತಿಕೊಂಡು ಬರುತ್ತದೆ. ಹೊಗೆಬಾಯಿಯನ್ನು ಹಂಡೆಯ ಭುಜದ ಮಟ್ಟಕ್ಕೆ, ಅಂದರೆ ಕುತ್ತಿಗೆ ಶುರುವಾಗುವಲ್ಲಿ ಕೂರಿಸಿ. ಅದರ ಮೇಲೆ ಹಂಡೆಯ ಕುತ್ತಿಗೆಯನ್ನು ಸುತ್ತಲೂ ಮಣ್ಣಿನಿಂದ ಮುಚ್ಚಿ. ಅಲ್ಲಿ ಬೆರಳಿನಷ್ಟು ಸಂದಿ ಉಳಿದರೂ ಬಚ್ಚಲಿಗೆ ಹೊಗೆ ಬರುತ್ತದೆ, ಕೊಳವೆಯ ಎಳೆತವೂ ಸೋರಿಹೋಗುತ್ತದೆ.

ಲಾಭದ ಲೆಕ್ಕವನ್ನೂ ನೋಡಿ. 60 ಲೀಟರ್ ನೀರನ್ನು 20 ಡಿಗ್ರಿಯಿಂದ 50ಕ್ಕೆ ಏರಿಸಲು ಸುಮಾರು 7.5 ಮೆಗಾಜೌಲ್ ಶಾಖ ಬೇಕು. ಒಣ ಸೌದೆಯ ಕಿಲೋದಲ್ಲಿ ಸುಮಾರು 15 ಮೆಗಾಜೌಲ್ ಇರುತ್ತದೆ. ನೂರಕ್ಕೆ 15 ಪಾಲು ಮಾತ್ರ ನೀರಿಗೆ ಸೇರುವ ಒಲೆಯಲ್ಲಿ ಮೂರೂಕಾಲು ಕಿಲೋಗಿಂತ ಹೆಚ್ಚು ಸೌದೆ ಸುಡಬೇಕು. 30 ಪಾಲು ಸೇರಿದರೆ ಒಂದೂಮುಕ್ಕಾಲು ಕಿಲೋ ಸಾಕು.

ಹಂಡೆಯಲ್ಲಿ ನೀರಿಲ್ಲದೆ ಉರಿ ಹಾಕಬೇಡಿ, ಬೆಸುಗೆ ಬಿಟ್ಟುಹೋಗುತ್ತದೆ. ನಡುವೆ ಹೊಗೆಗೊಳವೆ ಇರುವ ತಾಮ್ರದ ಬಾಯ್ಲರ್ ಆದರೆ, ಆವಿ ಹೋಗುವ ಕೊಳವೆಗೆ ಬೆಣೆ ಹೊಡೆಯುವುದು, ನಲ್ಲಿ ಹಾಕುವುದು ಮಾಡಲೇಬಾರದು. ಅದು ಮುಚ್ಚಿದರೆ ಬಾಯ್ಲರ್ ಸಿಡಿಯುತ್ತದೆ.

ಗಾರೆಗೆ ಸಿಮೆಂಟು ಬಳಸಬಹುದೆ?

ಉರಿ ತಾಗುವಲ್ಲಿ ಬೇಡ. 300-400 ಡಿಗ್ರಿಯಲ್ಲಿ ಸಿಮೆಂಟಿನ ಹಿಡಿತ ಹೋಗಿ ಪುಡಿಯಾಗುತ್ತದೆ. ಒಳಮೈಗೆ ಹುತ್ತದ ಮಣ್ಣು ಮೂರು ಪಾಲು, ಮರಳು ಒಂದು ಪಾಲು, ಅದಕ್ಕೆ ಸ್ವಲ್ಪ ಭತ್ತದ ಹೊಟ್ಟು, ಸಗಣಿ ಸೇರಿಸಿ ಎರಡು ದಿನ ಕೊಳೆಹಾಕಿ ಕಲಸಿದ ಮಣ್ಣು ಒಳ್ಳೆಯದು. ಸಿಮೆಂಟು ಹೊರಮೈಯ ಗಿಲಾವಿಗೆ ಇರಲಿ. ಕಟ್ಟಿದ ಒಲೆಯನ್ನು ಒಂದು ವಾರ ನೆರಳಲ್ಲಿ ಒಣಗಲು ಬಿಟ್ಟು, ಆಮೇಲೆ ಮೂರು ದಿನ ತರಗೆಲೆ, ಚಕ್ಕೆಯ ಸಣ್ಣ ಉರಿ ಮಾತ್ರ ಹಾಕಿ. ಮೊದಲ ದಿನವೇ ಕುಂಟೆ ತುರುಕಿದರೆ ಒಳಗಿನ ನೀರು ಆವಿಯಾಗಿ ಒಲೆ ಬಿರಿಯುತ್ತದೆ.

ಅಡುಗೆಗೆ ಅಸ್ತ್ರ ಒಲೆ ಈಗಲೂ ಒಳ್ಳೆಯದೆ?

ಹೌದು, ಸರಿಯಾಗಿ ಕಟ್ಟಿದರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಅಸ್ತ್ರ ಎಂಬ ವಿಭಾಗ ಶುರುವಾಯಿತು. ಅಮೂಲ್ಯ ಕೆ.ಎನ್. ರೆಡ್ಡಿ ಅದರ ಮುಂದಾಳು. ಅಲ್ಲಿ 1980ರ ದಶಕದಲ್ಲಿ ರೂಪುಗೊಂಡದ್ದು ಈ ಮೂರು ಪಾತ್ರೆಯ ಒಲೆ. ಉರಿ ಮುಚ್ಚಿದ ಗೂಡಿನಲ್ಲಿ, ಜಾಲರಿಯ ಮೇಲೆ. ಪಾತ್ರೆಗಳು ಒಲೆಯ ಮೇಲಲ್ಲ, ತೂತಿನೊಳಗೆ ಇಳಿದು ಕೂರುತ್ತವೆ. ಮೊದಲ ಪಾತ್ರೆಗೆ ನೇರ ಉರಿ. ಎರಡು, ಮೂರನೆಯದಕ್ಕೆ ಕೊಳವೆಯ ಕಡೆಗೆ ಹೋಗುವ ಬಿಸಿ ಹೊಗೆ.

ಕೆಡುವುದೂ ಗೊತ್ತಾದ ಜಾಗಗಳಲ್ಲೇ. ತೂತಿಗಿಂತ ಸಣ್ಣ ಪಾತ್ರೆ ಇಟ್ಟರೆ ಅಂಚಿನಲ್ಲಿ ಹೊಗೆ ನುಗ್ಗುತ್ತದೆ. ದೊಡ್ಡ ಕುಂಟೆ ಹಿಡಿಯಲೆಂದು ಒಲೆಬಾಯಿ ಒಡೆದು ಅಗಲ ಮಾಡಿದರೆ ತಣ್ಣನೆ ಗಾಳಿ ತುಂಬಿ ಮೂರನೆಯ ಪಾತ್ರೆ ಬಿಸಿಯೇ ಆಗುವುದಿಲ್ಲ. ಸುಟ್ಟ ಜಾಲರಿ ತೆಗೆದು ಹಾಗೇ ಉರಿಸಿದರೆ ಗಾಳಿ ಕೆಳಗಿನಿಂದ ಬರುವುದು ನಿಲ್ಲುತ್ತದೆ. ಎರಡನೆಯ ಪಾತ್ರೆಯ ಕೆಳಗಿನ ದಾರಿಯಲ್ಲಿ ಬೂದಿ ಕೂರುತ್ತದೆ. ಹದಿನೈದು ದಿನಕ್ಕೊಮ್ಮೆ ಪಾತ್ರೆ ಎತ್ತಿ ಕೈಹಾಕಿ ತೆಗೆಯದಿದ್ದರೆ "ಈ ಒಲೆಯೇ ಸರಿಯಿಲ್ಲ" ಎಂಬ ಮಾತು ಬರುತ್ತದೆ. ಒಂದು ಪಾತ್ರೆ ಮಾತ್ರ ಬೇಕಾದ ದಿನ ಉಳಿದೆರಡು ತೂತಿಗೆ ನೀರು ತುಂಬಿದ ಪಾತ್ರೆ ಇಡಿ, ಖಾಲಿ ಬಿಡಬೇಡಿ.

ಪೈಪಿನ ತುಂಡುಗಳನ್ನು ಜೋಡಿಸುವಾಗ ಯಾವುದು ಯಾವುದರೊಳಗೆ?

ಮೇಲಿನ ತುಂಡಿನ ಕಿರಿದಾದ ಬಾಯಿ ಕೆಳಗಿನ ತುಂಡಿನೊಳಗೆ ಇಳಿಯಬೇಕು. ಮೇಸ್ತ್ರಿಗಳು ಹೊರಗಿನ ಮಳೆನೀರನ್ನು ನೆನೆದು ಇದನ್ನು ತಿರುಗಿಸಿ ಹಾಕುತ್ತಾರೆ. ಹಾಗೆ ಹಾಕಿದರೆ ಒಳಗೆ ಇಳಿಯುವ ಕರಿನೀರು ಪ್ರತಿ ಜೋಡಣೆಯಲ್ಲೂ ಹೊರಗೆ ಒಸರಿ ಗೋಡೆಯ ಮೇಲೆ ಕಂದು ಗೆರೆ ಎಳೆಯುತ್ತದೆ. ಸುಣ್ಣ ಹೊಡೆದರೂ ಆ ಗೆರೆ ಮತ್ತೆ ಎದ್ದುಬರುತ್ತದೆ. ಪ್ರತಿ ಜೋಡಣೆಗೆ ಮೂರು ಸ್ಕ್ರೂ. ಸಂದಿಗೆ ಬೆಂಕಿ ತಡೆಯುವ ಸೀಲಂಟ್, ಇಲ್ಲದಿದ್ದರೆ ಮಣ್ಣು. ಬಾಗು ಬೇಕೇಬೇಕೆಂದರೆ 90 ಡಿಗ್ರಿಯದು ಒಂದರ ಬದಲು 45 ಡಿಗ್ರಿಯದು ಎರಡು. ಅಡ್ಡ ಹೋಗುವ ತುಂಡು 2-3 ಅಡಿ ಮೀರದಿರಲಿ, ಅಡಿಗೆ ಕಾಲು ಅಂಗುಲದಂತೆ ಮೇಲ್ಮುಖವಾಗಿರಲಿ. ನೇರ ಏರುವ ಕೊಳವೆಯ ಬುಡದಲ್ಲಿ ಟೀ (ಇಂಗ್ಲಿಷಿನ T ಆಕಾರದ, ಮೂರು ಬಾಯಿಯ ಜೋಡಣೆ) ಹಾಕಿ, ಅದರ ಕೆಳಬಾಯಿಗೆ ಬಿಚ್ಚುವ ಮುಚ್ಚಳ ಇಡಿ. ಈ ಮುಚ್ಚಳಕ್ಕೆ ಎರಡು ನೂರು ರೂಪಾಯಿ ಉಳಿಸಿದವರು ಆಮೇಲೆ ಗುಡಿಸಲಾರದೆ ಇಡೀ ಕೊಳವೆ ಇಳಿಸಬೇಕಾಗುತ್ತದೆ.

ಹಂಚಿನ ಮಾಡಿನಲ್ಲಿ ಹೇಗೆ ದಾಟಿಸುವುದು?

ಇಲ್ಲಿ ಭಯ ಎರಡು: ಬೆಂಕಿ ಮತ್ತು ಮಳೆ. ಒಂದೇ ಪದರದ ಬಿಸಿ ಪೈಪಿನಿಂದ ಮರಕ್ಕೆ 18 ಅಂಗುಲ ದೂರ ಇರಬೇಕು. ಹಂಚು ಹೊರುವ ಮರಗಳಾದ ಪಕಾಸು, ರೀಪಿನ ನಡುವೆ ಅಷ್ಟು ಜಾಗ ಸಿಗುವುದಿಲ್ಲ. ಅದಕ್ಕೆ, ಮಾಡು ದಾಟುವ ಜಾಗದಲ್ಲಿ ಪೈಪಿಗಿಂತ 8 ಅಂಗುಲ ಅಗಲದ ಇನ್ನೊಂದು ತಗಡಿನ ಕೊಳವೆ ಹೊರಗಿನಿಂದ ತೊಡಿಸಿ, ನಡುವಿನ ಜಾಗಕ್ಕೆ ರಾಕ್‌ವುಲ್ (ಬೆಂಕಿ ಹಿಡಿಯದ, ಉಣ್ಣೆಯಂಥ ಶಾಖತಡೆ) ತುಂಬಿ. ಹೊರಕೊಳವೆಯಿಂದ ಮರಕ್ಕೆ ಮತ್ತೆ 2-3 ಅಂಗುಲ ಗಾಳಿಯ ಸಂದಿ ಬಿಡಿ. ಅಡ್ಡ ಬರುವ ರೀಪುಗಳನ್ನು ಕೊಯ್ದು, ಪಕ್ಕದ ಪಕಾಸುಗಳಿಗೆ ಚೌಕಟ್ಟು ಕೊಟ್ಟು ಹಿಡಿಸಿ. ತೆಂಗಿನ ನಾರು, ಥರ್ಮೋಕೋಲ್, ಹಳೆ ಗೋಣಿ ಯಾವುದನ್ನೂ ಅಲ್ಲಿ ತುರುಕಬೇಡಿ.

ಮರ ಒಂದೇ ದಿನಕ್ಕೆ ಹೊತ್ತಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಕಾದು ಕಾದು ಒಳಗೇ ಇದ್ದಿಲಿನ ಹಾಗಾಗಿ, ಆಮೇಲೆ ಕಡಿಮೆ ಬಿಸಿಗೂ ಹೊತ್ತುತ್ತದೆ. "ಹತ್ತು ವರ್ಷದಿಂದ ಏನೂ ಆಗಿಲ್ಲ" ಎಂಬ ಧೈರ್ಯ ಅದಕ್ಕಾಗಿಯೇ ಅಪಾಯದ್ದು. ಪೈಪಿನ ಹತ್ತಿರದ ರೀಪು ಕಂದು ತಿರುಗಿದ್ದರೆ ಅಂದೇ ಉರಿ ನಿಲ್ಲಿಸಿ.

ಮಳೆಗೆ: ಎರಡು ಹಂಚು ತೆಗೆದು ಅದೇ ಅಳತೆಯ, ತೂತಿಗೆ ಕುತ್ತಿಗೆ ಬೆಸೆದ ತಗಡಿನ ಹಾಳೆ ಕೂರಿಸಿ. ಹಾಳೆಯ ಮೇಲಂಚು ಮೇಲಿನ ಹಂಚಿನ ಕೆಳಗೆ ಹೋಗಬೇಕು, ಕೆಳಂಚು ಕೆಳಗಿನ ಹಂಚಿನ ಮೇಲೆ ಬರಬೇಕು. ಕುತ್ತಿಗೆಯ ಮೇಲೆ ಪೈಪಿಗೆ ಛತ್ರಿಯಂಥ ಕಾಲರ್ ಬಿಗಿದರೆ ಪೈಪಿನ ಮೈಮೇಲೆ ಇಳಿಯುವ ನೀರು ಹೊರಗೇ ಬೀಳುತ್ತದೆ. ಬರೀ ಸಿಮೆಂಟು ಮೆತ್ತಿದ್ದು ಒಂದು ಬೇಸಿಗೆಗೆ ಬಿರುಕು ಬಿಡುತ್ತದೆ.

ತಾರಸಿ ಮನೆಗೆ?

ಸಾಧ್ಯವಾದರೆ ಸ್ಲ್ಯಾಬ್ ಮುಟ್ಟದೆ ಗೋಡೆಯಲ್ಲಿ ಹೊರಗೆ ತನ್ನಿ, ಟೀ ಹಾಕಿ ಮೇಲೆ ಒಯ್ಯಿರಿ, 4-5 ಅಡಿಗೊಂದು ಕ್ಲಾಂಪ್ ಕೊಡಿ. ಹೊರಗಿನ ಕೊಳವೆ ಬೇಗ ತಣ್ಣಗಾಗುವುದರಿಂದ ರಾಕ್‌ವುಲ್ ಸುತ್ತಿ ತಗಡು ಹೊದೆಸಿ. ಸ್ಲ್ಯಾಬಿನಲ್ಲೇ ಹೋಗಬೇಕಾದರೆ ಕೋರ್ ಕಟಿಂಗ್, ಅಂದರೆ ಯಂತ್ರದಿಂದ ದುಂಡಗೆ ತೂತು ಕೊರೆಯುವುದು, ಮಾಡಿಸಿ. ಕಬ್ಬಿಣ ಎಲ್ಲಿದೆ ಎಂದು ಮನೆ ಕಟ್ಟಿದ ಇಂಜಿನಿಯರನ್ನು ಕೇಳದೆ ಮುಟ್ಟಬೇಡಿ. ತೂತಿನ ಸುತ್ತ 6 ಅಂಗುಲ ಎತ್ತರದ ಕಟ್ಟೆ ಕಟ್ಟಿ.

ತುದಿ ಎಷ್ಟು ಮೇಲಿರಬೇಕು? ಟೋಪಿ ಹೇಗಿರಬೇಕು?

ಮಾಡು ದಾಟಿದ ಜಾಗದಿಂದ ಕನಿಷ್ಠ 3 ಅಡಿ. ಜೊತೆಗೆ, ಸುತ್ತ 10 ಅಡಿಯೊಳಗೆ ಏನೇನಿದೆಯೋ, ಮಾಡಿನ ನೆತ್ತಿ, ನೀರಿನ ಟ್ಯಾಂಕು, ಪಕ್ಕದ ಗೋಡೆ, ಅವೆಲ್ಲಕ್ಕಿಂತ 2 ಅಡಿ ಮೇಲೆ. ಗಾಳಿ ಎತ್ತರದ ಮಾಡನ್ನು ಹಾಯ್ದು ಇಳಿಯುವಾಗ ಕೆಳಮುಖವಾಗಿ ಸುಳಿಯುತ್ತದೆ. ಆ ಸುಳಿಯೊಳಗೆ ತುದಿ ಸಿಕ್ಕಿದರೆ ಹೊಗೆ ಮನೆಗೇ ವಾಪಸ್. ಮುಂಗಾರಿನ ಗಾಳಿ ನೈಋತ್ಯದಿಂದ ಬರುವುದರಿಂದ, ಮಾಡಿನ ಈಶಾನ್ಯ ಬದಿಗೆ ಗಿಡ್ಡ ಕೊಳವೆ ಇಟ್ಟವರಿಗೆ ಬೇಸಿಗೆಯಲ್ಲಿ ಇಲ್ಲದ ತೊಂದರೆ ಜೂನಿನಲ್ಲಿ ಶುರುವಾಗುತ್ತದೆ.

ಟೋಪಿಯ ಅಗಲ ಪೈಪಿನ ಎರಡರಷ್ಟು. ಟೋಪಿಗೂ ಪೈಪಿನ ಬಾಯಿಗೂ ನಡುವೆ ಪೈಪಿನ ಅಗಲದ ಅರ್ಧದಷ್ಟಾದರೂ ಸಂದಿ, ಅಂದರೆ 6 ಅಂಗುಲದ ಪೈಪಿಗೆ 3 ಅಂಗುಲ. ಲೆಕ್ಕದ ಪ್ರಕಾರ ಕಾಲು ಭಾಗ ಸಾಕು, ಆದರೆ ಕರಿ ಮೊದಲು ಕಟ್ಟುವುದು ಅಲ್ಲೇ. ಸೊಳ್ಳೆ ಜಾಲರಿ ಬೇಡ, ತಿಂಗಳೊಳಗೆ ಕಟ್ಟಿಕೊಳ್ಳುತ್ತದೆ. ಹಕ್ಕಿ ತಡೆಯಲು ಅರ್ಧ ಅಂಗುಲಕ್ಕಿಂತ ದೊಡ್ಡ ಕಣ್ಣಿನ ತಂತಿ ಸಾಕು.

ಎಲ್ಲ ಸರಿ ಮಾಡಿದರೂ ಹೊಗೆ ಒಳಗೇ ಬರುತ್ತದೆ. ಯಾಕೆ?

ಒಂದು ಊದುಬತ್ತಿ ಹಚ್ಚಿ, ಒಲೆ ತಣ್ಣಗಿರುವಾಗ ಒಲೆಬಾಯಿಯ ಹತ್ತಿರ ಹಿಡಿಯಿರಿ. ಅದರ ಹೊಗೆಯ ಎಳೆ ಒಳಗೆ ಬಾಗಿದರೆ ಕೊಳವೆ ಎಳೆಯುತ್ತಿದೆ. ನೆಟ್ಟಗೆ ಏರಿದರೆ ಎಳೆತವಿಲ್ಲ. ನಿಮ್ಮ ಕಡೆಗೆ ಬಾಗಿದರೆ ಗಾಳಿ ಕೊಳವೆಯಿಂದ ಕೆಳಗೆ ಇಳಿಯುತ್ತಿದೆ.

ಕೆಳಗೆ ಇಳಿಯುತ್ತಿದ್ದರೆ ಮೊದಲು ಮನೆಯ ಎಕ್ಸಾಸ್ಟ್ ಫ್ಯಾನ್, ಅಡುಗೆಮನೆಯ ಎಲೆಕ್ಟ್ರಿಕ್ ಚಿಮಣಿ ಆರಿಸಿ ನೋಡಿ. ಅವು ಹೊರದಬ್ಬುವ ಗಾಳಿಗೆ ಬದಲಿ ಗಾಳಿ ಎಲ್ಲಿಂದಾದರೂ ಬರಬೇಕು, ಬಾಗಿಲು ಕಿಟಕಿ ಹಾಕಿದ್ದರೆ ಬರುವುದು ಒಲೆಯ ಕೊಳವೆಯಿಂದಲೇ. ಬಚ್ಚಲಿಗೆ ಒಲೆಯೂ ಎಕ್ಸಾಸ್ಟ್ ಫ್ಯಾನೂ ಒಟ್ಟಿಗೆ ಇರಬಾರದು ಎಂಬುದು ನಮ್ಮ ಖಚಿತ ಮಾತು. ಒಂದು ಕಿಲೋ ಸೌದೆ ಉರಿಯಲು ಲೆಕ್ಕಕ್ಕೇ ಸುಮಾರು 5 ಕಿಲೋ ಗಾಳಿ ಬೇಕು, ಒಲೆ ನಿಜವಾಗಿ ಎಳೆದುಕೊಳ್ಳುವುದು ಅದರ ಎರಡರಷ್ಟಕ್ಕೂ ಹೆಚ್ಚು. ಗೋಡೆಯ ಕೆಳಭಾಗದಲ್ಲಿ 6 ಅಂಗುಲ ಚೌಕದ, ಮುಚ್ಚಲಾಗದ ಗಾಳಿಕಿಂಡಿ ಇರಲೇಬೇಕು.

ಫ್ಯಾನ್ ಇಲ್ಲ, ಬೆಳಗ್ಗೆ ಹಚ್ಚುವಾಗ ಮಾತ್ರ ಹೊಗೆ ಎಂದರೆ ಕೊಳವೆ ತಣ್ಣಗಿದೆ ಎಂದರ್ಥ. ಬುಡದ ಟೀ ಮುಚ್ಚಳ ತೆಗೆದು ಎರಡು ಹಾಳೆ ಕಾಗದ ಅಲ್ಲೇ ಉರಿಸಿ, ಮುಚ್ಚಳ ಹಾಕಿ, ಆಮೇಲೆ ಒಲೆ ಹಚ್ಚಿ. ಮೊದಲು ಚೆನ್ನಾಗಿದ್ದು ಈಚೆಗೆ ಕೆಟ್ಟಿದ್ದರೆ ಒಳಗೆ ಕರಿ, ಕಣಜದ ಗೂಡು ಅಥವಾ ಜಾರಿ ಕೂತ ಟೋಪಿ ಹುಡುಕಿ.

ಕೊಳವೆಯಿಂದ ಡಾಂಬರಿನಂಥ ಕರಿ ಸೋರುತ್ತಿದೆ.

ಹಸಿ ಸೌದೆ. ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ. ಆಗ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಅದನ್ನು ಆವಿ ಮಾಡುವುದರಲ್ಲೇ ಉರಿಯ ಶಾಖ ಹೋಗಿ, ತಣ್ಣನೆ ಹೊಗೆ ಕೊಳವೆಯಲ್ಲಿ ನೀರೂ ಡಾಂಬರೂ ಆಗಿ ಇಳಿಯುತ್ತದೆ. ಸೌದೆಯ ತೇವ ನೂರಕ್ಕೆ 20ರೊಳಗೆ ಬರಬೇಕು. ಸೀಳಿ, ನೆಲದಿಂದ ಎತ್ತರಿಸಿ, ಮೇಲೆ ಮಾತ್ರ ಮುಚ್ಚಿ, ಬದಿಗೆ ಗಾಳಿಯಾಡುವಂತೆ ಡಿಸೆಂಬರಿನಿಂದ ಮೇವರೆಗೆ ಒಟ್ಟಿದ ಸೌದೆ ಮಳೆಗಾಲಕ್ಕೆ ಸಿದ್ಧ. ಒಣಗಿದ ಎರಡು ತುಂಡನ್ನು ಒಂದಕ್ಕೊಂದು ಬಡಿದರೆ ಟಣ್ ಎನ್ನುತ್ತದೆ, ಹಸಿಯದು ದಬ್ ಎನ್ನುತ್ತದೆ.

ಇನ್ನೊಂದು ಕಾರಣ, ರಾತ್ರಿಯಿಡೀ ನೀರು ಬಿಸಿಯಿರಲೆಂದು ಅಡಿಕೆ ಸಿಪ್ಪೆ ತುಂಬಿ ಬಾಗಿಲು ಬಿಗಿದು ಹೊಗೆಯಾಡಿಸುವುದು. ಅದರ ಬದಲು ಸಂಜೆ ಜೋರಾಗಿ ಕಾಯಿಸಿ, ಹಂಡೆಗೆ ಮರದ ಮುಚ್ಚಳ ಹಾಕಿ, ಉರಿ ಪೂರ್ತಿ ಆರಿದ ಮೇಲೆ ಬಾಗಿಲು ಮುಚ್ಚುವುದು ಮೇಲು.

ಯಾವುದನ್ನು ಉರಿಸಬಾರದು?

ಪ್ಲಾಸ್ಟಿಕ್, ಬಣ್ಣ ಬಳಿದ ಮರ, ಪ್ಲೈವುಡ್, ಹಳೆ ಟಯರು. ಗೇರುಬೀಜದ ಸಿಪ್ಪೆಯೂ ಬೇಡ: ಅದರ ಎಣ್ಣೆಯ ಹೊಗೆ ಕಣ್ಣು, ಚರ್ಮ, ಗಂಟಲು ಸುಡುತ್ತದೆ. ಅದೇ ಜಾತಿಯ ಹೊಲಗೇರು, ಚೇರೆ ಮರದ ಸೌದೆಯನ್ನೂ ದೂರವಿಡಿ.

ಹೊಗೆಯೆಲ್ಲ ಹೊರಗೆ ಹೋದರೆ ಮಾಡಿನ ಮರಕ್ಕೆ ಹುಳ ಬೀಳುವುದಿಲ್ಲವೆ?

ಹಿರಿಯರ ಈ ಮಾತಿನಲ್ಲಿ ಹುರುಳಿದೆ. ಅಟ್ಟಕ್ಕೆ ಏರುತ್ತಿದ್ದ ಹೊಗೆ ಮರವನ್ನೂ ಬಿತ್ತನೆ ಬೀಜವನ್ನೂ ಹುಳದಿಂದ ಕಾಯುತ್ತಿತ್ತು. ಕೊಳವೆ ಹಾಕಿದ ಮೇಲೆ ಪಕಾಸು, ರೀಪಿಗೆ ಗೇರೆಣ್ಣೆಯನ್ನೋ ಅಂಗಡಿಯ ಗೆದ್ದಲು ಔಷಧಿಯನ್ನೋ ಬಳಿಯಿರಿ. ಗೇರೆಣ್ಣೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಪೈಪಿನ ಹತ್ತಿರದ ಮರಕ್ಕೆ ಬಳಿಯಬೇಡಿ. ಜೊತೆಗೆ ಹಳೆಯ ಇಲ್ಲಣವನ್ನು ಒಮ್ಮೆ ಪೂರ್ತಿ ಗುಡಿಸಿ. ಮಾಡಿನಿಂದ ನೂಲಿನಂತೆ ತೂಗುವ ಆ ಕರಿಗೆ ಕಿಡಿ ತಾಗಿದರೆ ಕ್ಷಣದಲ್ಲಿ ಮಾಡಿಡೀ ಹರಿಯುತ್ತದೆ.

ಕೊಳವೆಯನ್ನು ಎಷ್ಟು ದಿನಕ್ಕೊಮ್ಮೆ ಗುಡಿಸಬೇಕು?

ದಿನವೂ ಉರಿಯುವ ಬಚ್ಚಲ ಒಲೆಗೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ. ಒಳಗೋಡೆಯ ಕರಿ 3 ಮಿ.ಮೀ. ದಪ್ಪ ಆಯಿತೆಂದರೆ ದಿನ ಎಣಿಸದೆ ಗುಡಿಸಿ. ಲೋಹದ ಪೈಪಿಗೆ ಅದೇ ಅಳತೆಯ ನೈಲಾನ್ ಬ್ರಷ್, ಇಲ್ಲವೇ ಹಗ್ಗದ ನಡುವೆ ಗೋಣಿಯ ಉಂಡೆ ಕಟ್ಟಿ ಮೇಲೊಬ್ಬರು ಕೆಳಗೊಬ್ಬರು ಎಳೆದಾಡಿದರೂ ಆಗುತ್ತದೆ. ಒಲೆ ಹಿಂದಿನ ದಿನವೇ ಆರಿರಬೇಕು. ಜಾರುವ ಹಂಚಿನ ಮೇಲೆ ಮಳೆಯಲ್ಲಿ ಹತ್ತಬೇಡಿ. ಬುಡದ ಮುಚ್ಚಳದಿಂದ ಉದ್ದ ಕೋಲಿನ ಬ್ರಷ್ ಏರಿಸುವ ಏರ್ಪಾಡು ಇದ್ದರೆ ಆ ಕಷ್ಟವೇ ಇಲ್ಲ.

ಕೊಳವೆಯೊಳಗೇ ಬೆಂಕಿ ಹತ್ತಿದರೆ?

ರೈಲು ಹೋದಂಥ ಗುಡುಗು ಸದ್ದು, ತುದಿಯಲ್ಲಿ ಕಿಡಿ, ಪೈಪು ಕೆಂಪಗೆ. ತಕ್ಷಣ ಒಲೆಬಾಯಿ, ಬೂದಿಗೂಡು ಎರಡನ್ನೂ ತಗಡಿನಿಂದ ಮುಚ್ಚಿ ಗಾಳಿ ತಡೆಯಿರಿ. ಎಲ್ಲರನ್ನೂ ಹೊರಗೆ ಕಳಿಸಿ 101 ಅಥವಾ 112ಕ್ಕೆ ಕರೆ ಮಾಡಿ. ಕೊಳವೆಗೆ ಮೇಲಿನಿಂದ ನೀರು ಸುರಿಯಬೇಡಿ: ಆವಿ ಸಿಡಿದು ಮೈ ಸುಡುತ್ತದೆ, ಪೈಪು ಸೀಳುತ್ತದೆ. ಪೈಪಿನ ಸುತ್ತಲ ಹಂಚು, ಮರಕ್ಕೆ ನೀರು ಹಾಕಬಹುದು. ಆರಿದ ಮೇಲೆ ಪ್ರತಿ ಜೋಡಣೆಯನ್ನೂ ಬಿಚ್ಚಿ ನೋಡದೆ ಮತ್ತೆ ಹಚ್ಚಬೇಡಿ.

ಬಾಣಂತಿ ಕೋಣೆಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತೇವೆ. ಅದಕ್ಕೆ ಹೊಗೆಯೇ ಇಲ್ಲವಲ್ಲ?

ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ. ಗಾಳಿ ತಾಗದಿರಲೆಂದು ಕಿಟಕಿ ಬಿಗಿದು, ಪರದೆ ಇಳಿಬಿಟ್ಟು, ಮಂಚದ ಕೆಳಗೆ ಕೆಂಡ ಇಡುವುದು ತಾಯಿಗೂ ಮಗುವಿಗೂ ಕಾರ್ಬನ್ ಮಾನಾಕ್ಸೈಡ್ ಉಣಿಸಿದಂತೆ. ತಲೆನೋವು, ವಾಕರಿಕೆ, ತಲೆಸುತ್ತು, ಅರೆನಿದ್ದೆಯನ್ನು ಬಾಣಂತಿಯ ಸುಸ್ತು ಎಂದುಕೊಂಡುಬಿಡುವ ಅಪಾಯವಿದೆ. ಬೆಚ್ಚಗಿಡಲು ಕಂಬಳಿ, ಬಿಸಿನೀರಿನ ಚೀಲ ಸಾಕು. ಕೂಸಿನ ತಲೆಗೆ ಲೋಬಾನ ಹೊಗೆ ಹಿಡಿಯುವುದನ್ನೂ ಬಿಡಿ. ಯಾರಾದರೂ ಎಚ್ಚರ ತಪ್ಪಿದ್ದರೆ ಮೊದಲು ಹೊರಗಿನ ಗಾಳಿಗೆ ಎತ್ತಿ ತನ್ನಿ, ಕೂಡಲೇ ಆಸ್ಪತ್ರೆಗೆ ಒಯ್ದು "ಕೆಂಡ ಇತ್ತು" ಎಂದು ವೈದ್ಯರಿಗೆ ತಿಳಿಸಿ.

ಪೆಲೆಟ್ ಒಲೆ ಹಾಕಿಸಬಹುದೆ?

ಮರದ ಹೊಟ್ಟು, ಕಡಲೆಕಾಯಿ ಸಿಪ್ಪೆಯನ್ನು ಒತ್ತಿ ಮಾಡಿದ, 6-8 ಮಿ.ಮೀ. ದಪ್ಪದ ಗುಳಿಗೆಗಳೇ ಪೆಲೆಟ್. ತೇವ ನೂರಕ್ಕೆ 10ರೊಳಗೆ ಇರುವುದರಿಂದ ಚೊಕ್ಕವಾಗಿ ಉರಿಯುತ್ತವೆ. ಆದರೆ ನೀರು ತಾಗಿದರೆ ಉಬ್ಬಿ ಮತ್ತೆ ಹೊಟ್ಟಾಗುತ್ತವೆ, ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಾಡದ ಡ್ರಮ್ಮಿನಲ್ಲೇ ಇಡಬೇಕು. ಒಲೆ ಉರಿಯುವುದು ಫ್ಯಾನಿನಿಂದ. ಕರೆಂಟು ಹೋದರೆ ಹೊಗೆಯಾಡುತ್ತದೆ. ಬ್ಯಾಟರಿ ಇರುವ ಸಣ್ಣ ಒಲೆಯನ್ನು ಕೊಳವೆಯಿಲ್ಲದೆ ಬಳಸುವುದಾದರೆ ತೆರೆದ ಜಗಲಿಯಲ್ಲಿ ಮಾತ್ರ.

ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರು ಕೇಳುವುದು ಕೋಣೆ ಬೆಚ್ಚಗಿಡುವ ದೊಡ್ಡ ಪೆಲೆಟ್ ಸ್ಟೋವ್ ಬಗ್ಗೆ. ಅದರ ದಾರಿ ಬೇರೆ. ಫ್ಯಾನು ಹೊಗೆಯನ್ನು ದಬ್ಬುವುದರಿಂದ ಕೊಳವೆಯೊಳಗೆ ಒತ್ತಡ ಹೊರಮುಖ. ಸೂಜಿಮೊನೆಯಷ್ಟು ಸಂದಿಯಿದ್ದರೂ ಹೊಗೆ ಕೋಣೆಗೆ ಬರುತ್ತದೆ, ಹಾಗಾಗಿ ಪ್ರತಿ ಜೋಡಣೆಗೂ ಸೀಲ್ ಬೇಕು. 3 ಅಥವಾ 4 ಅಂಗುಲದ, ಪೆಲೆಟ್‌ಗೆಂದೇ ಮಾಡಿದ ಎರಡು ಪದರದ ಪೈಪು ಹಾಕಿಸಿ. ಗ್ಯಾಸ್ ಒಲೆಯ ಪೈಪು ನೋಡಲು ಹಾಗೇ ಇದ್ದರೂ ಬೇಡ. ಮರಕ್ಕೆ ಸಾಮಾನ್ಯವಾಗಿ 3 ಅಂಗುಲ ದೂರ, ಖಚಿತ ಅಳತೆ ಪೈಪಿನ ಮೇಲೇ ಬರೆದಿರುತ್ತದೆ. ಗೋಡೆಯಿಂದ ನೇರ ಹೊರಗೆ ಬಿಡುವ ಬದಲು 3ರಿಂದ 5 ಅಡಿ ಮೇಲೇರಿಸಿ ಬಿಡಿ: ಹಿಮಗಾಳಿಯ ರಾತ್ರಿ ಕರೆಂಟು ಹೋದಾಗ ಉಳಿದ ಹೊಗೆ ತಾನಾಗಿ ಏರಿ ಹೋಗಲು ಅಷ್ಟು ಎತ್ತರ ಬೇಕು. ಹೊರಬಾಯಿ ಕಿಟಕಿಯಿಂದ 4 ಅಡಿ ಆಚೆ, ಹಿಮ ಕಟ್ಟುವ ಮಟ್ಟಕ್ಕಿಂತ ಮೇಲೆ ಇರಲಿ. ಊರಿನ ಪರವಾನಗಿ ಪಡೆಯದೆ, ವಿಮೆಯವರಿಗೆ ತಿಳಿಸದೆ ಹಚ್ಚಬೇಡಿ.

ಒಲೆ ತೆಗೆದು ಗ್ಯಾಸ್ ಗೀಸರ್ ಹಾಕಿದರೆ ಈ ತಲೆಬಿಸಿ ಇಲ್ಲ ಅಲ್ಲವೆ?

ಬಚ್ಚಲ ಒಳಗೆ ಹಾಕಿದರೆ ಅಪಾಯ ಇನ್ನೂ ಹೆಚ್ಚು, ಯಾಕೆಂದರೆ ಎಚ್ಚರಿಸಲು ಹೊಗೆಯೂ ಇಲ್ಲ, ಕಣ್ಣುರಿಯೂ ಇಲ್ಲ. ಸಣ್ಣ ಬಚ್ಚಲಿನಲ್ಲಿ ಬಾಗಿಲು ಹಾಕಿ ಗೀಸರ್ ಓಡಿಸಿದರೆ ಆಮ್ಲಜನಕ ಕಡಿಮೆಯಾಗುತ್ತಿದ್ದಂತೆ ಅದರ ಉರಿಯೇ ಕಾರ್ಬನ್ ಮಾನಾಕ್ಸೈಡ್ ಮಾಡತೊಡಗುತ್ತದೆ. ಗೀಸರನ್ನು ಹೊರಗೋಡೆಗೆ, ಮಳೆ ತಾಗದ ಗಾಳಿಯಾಡುವ ಜಾಗದಲ್ಲಿ ಹಾಕಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ತನ್ನಿ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಎಲ್ಲಿ ಹಾಕಬೇಕು?

ಒಲೆಯಿಂದ 3ರಿಂದ 10 ಅಡಿ ದೂರ, ಮನುಷ್ಯರ ತಲೆಯ ಮಟ್ಟದಲ್ಲಿ, ಆವಿ ನೇರ ತಾಗದ ಕಡೆ. ಬಚ್ಚಲ ಒಲೆಯಾದರೆ ಬಚ್ಚಲಿನ ಬಾಗಿಲ ಹೊರಗೆ ಒಂದು, ಅದಕ್ಕೆ ಅಂಟಿದ ಮಲಗುವ ಕೋಣೆಯಲ್ಲಿ ಒಂದು. ಕೊಳ್ಳುವಾಗ ಹೊಗೆ ಅಲಾರಂ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಿ, ಎರಡೂ ಬೇರೆ ಬೇರೆ. ಹಿಂಭಾಗದಲ್ಲಿ ಅಚ್ಚಾದ ಬದಲಾಯಿಸುವ ವರ್ಷ ನೋಡಿ. ಒಳಗಿನ ಸಂವೇದಕಕ್ಕೆ ಆಯುಸ್ಸು ಇರುತ್ತದೆ, ಗುಂಡಿ ಒತ್ತಿದಾಗ ಕೂಗಿತೆಂದರೆ ಬ್ಯಾಟರಿ ಮತ್ತು ಸದ್ದು ಸರಿಯಿದೆ ಎಂದಷ್ಟೇ ಅರ್ಥ. ಅಲಾರಂ ಕೂಗಿದರೆ ಒಲೆಯ ಕಡೆ ಹೋಗಬೇಡಿ. ಮಲಗಿದವರನ್ನು ಎಬ್ಬಿಸಿ ಹೊರಗೆ ಬನ್ನಿ, ಬರುವಾಗ ಕೈಗೆ ಸಿಕ್ಕ ಬಾಗಿಲುಗಳನ್ನು ತೆರೆದಿಟ್ಟು ಬನ್ನಿ.